ಬಲಕ್ಕೆ ತಿರುಗಿದ ಎಲೆ

ರಾಗಿಣಿ ಊಟದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಬೆಳಕು ತಿರುಗಿಸಲು ಬಿಳಿ ಥರ್ಮಕೋಲ್ ಹಿಡಿದು ನಿಲ್ಲುವವಳು ನಾನು, ಇಂದುಮತಿ. ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಾರು ವರ್ಷ ಕೂತು, ಅರ್ಧ ನಾಗಪುರದ ಮೇಲೆ ರೇಗಾಡಿ ನಿವೃತ್ತಳಾದವಳು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುತ್ತಾರೆ. ಇರಲಿ ಬಿಡಿ, ಮೂಗು ನನ್ನದು. ಊರಿನ ಹಳೆಯ ಪೇಟೆ ಮಹಾಲಿನ ಸಂದಿಯಲ್ಲಿ ನನ್ನ ಮನೆಗೂ ರಾಗಿಣಿಯ ತಾಯಿ ಕೃಷ್ಣವೇಣಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವಳು ಒಗ್ಗರಣೆ ಹಾಕಿದರೆ ಈ ಕಡೆ ನನಗೆ ಸೀನು ಬರುತ್ತದೆ. ಹಾಗಾಗಿ ಆ ಮನೆಯ ವಿಷಯ ನನಗೆ ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ.

ರಾಗಿಣಿ ತನ್ನ ತಾಯಿಯ ಸಲುವಾಗಿ ತೀರಿಸಿಕೊಂಡ ಸೇಡಿನ ಸಂಗತಿ ಇದು. ಹೇಳುವಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಅಯ್ಯೋ ಪಾಪ ಎನ್ನುವವರು ಬೇರೆ ಕಡೆ ಹೋಗಿ ಅನ್ನಲಿ.

ಮೊದಲು ಅವಳ ಕೆಲಸ ಎಂಥದ್ದು ಎಂದು ಹೇಳಬೇಕು. ಹೋಟೆಲಿನವರು, ಮಿಠಾಯಿ ಅಂಗಡಿಯವರು ತಮ್ಮ ತಿನಿಸುಗಳ ಫೋಟೋಗಾಗಿ ಅವಳನ್ನು ಕರೆಯುತ್ತಾರೆ. ಫೋನಿನಲ್ಲಿ ಊಟ ತರಿಸಿಕೊಳ್ಳುವ ಕಾಲ ಇದು. ನಾಲಿಗೆಗಿಂತ ಮೊದಲು ಕಣ್ಣು ಉಣ್ಣಬೇಕು. ಗಂಡ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದು ಮಲಗಿದರೆ, ಇವಳು ಸ್ಕೂಟರಿಗೆ ಕ್ಯಾಮೆರಾ ಚೀಲ ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ನನ್ನನ್ನೂ ನನ್ನ ಥರ್ಮಕೋಲನ್ನೂ ಕೂಡಿಸಿಕೊಂಡು ಹೊರಡುತ್ತಾಳೆ. ಹೋದವಳು ತಕ್ಷಣ ಕ್ಯಾಮೆರಾ ಎತ್ತುವುದಿಲ್ಲ. ತಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾಳೆ. ಕುಕ್ಕರುಗಾಲಲ್ಲಿ ಕೂತು ನೋಡುತ್ತಾಳೆ, ಸ್ಟೂಲು ಹತ್ತಿ ನೋಡುತ್ತಾಳೆ, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ.

“ಪ್ರತಿ ತಿನಿಸಿಗೂ ಒಂದು ಮುಖ ಇರ್ತದ ಮೌಶಿ. ಅದು ಯಾವ ಕಡೆ ಅದ ಅಂತ ಹುಡುಕಬೇಕು, ಅಷ್ಟ,” ಎನ್ನುತ್ತಾಳೆ. ಮೌಶಿ ಎಂದರೆ ನಾನು, ಅವಳ ಬಾಯಲ್ಲಿ ಚಿಕ್ಕಮ್ಮ.

ತಟ್ಟೆ ತುಂಬ ಹರಡಿದ ಊಟಕ್ಕೆ ನೇರ ಮೇಲಿನಿಂದ. ತರ್ರಿ ಎಂಬ ಖಾರದ ರಸ ಹಾಕಿದ ಅವಲಕ್ಕಿಗೆ, ನಾವು ಕೂತು ತಿನ್ನುವಾಗ ಕಣ್ಣು ಎಷ್ಟು ಎತ್ತರದಲ್ಲಿ ಇರುತ್ತದೋ ಅಲ್ಲಿಂದ. ಪದರ ಪದರವಾಗಿ ಎದ್ದ ತಿನಿಸಿಗೆ ನೆಲಕ್ಕೆ ಗದ್ದ ಊರಿ, ಅದರ ಮಟ್ಟದಿಂದಲೇ. ಬೆಳಕು ಯಾವಾಗಲೂ ತಿನಿಸಿನ ಹಿಂದಿನಿಂದ ಬರಬೇಕು. ಆಗಲೇ ತುಪ್ಪ ತುಪ್ಪದಂತೆ ಕಾಣುತ್ತದೆ. ಸಾವಜಿ ಹೋಟೆಲಿನ ಮಾಂಸದ ರಸ್ಸಾವನ್ನು ಒಬ್ಬ ಪುಣ್ಯಾತ್ಮ ಮೇಲಿನಿಂದ ತೆಗೆದಿದ್ದನಂತೆ, ಎಣ್ಣೆಯ ಮೇಲೆ ಚಾವಣಿಯ ಫ್ಯಾನು ಕಾಣುತ್ತಿತ್ತು. ರಾಗಿಣಿ ಅದನ್ನೇ ಪಕ್ಕದಿಂದ ತೆಗೆದು ಆ ಹೋಟೆಲಿನ ಮುಂದೆ ಸಾಲು ನಿಲ್ಲಿಸಿದಳು. ನಾನು ಮೂಗು ಮುಚ್ಚಿಕೊಂಡು ಥರ್ಮಕೋಲ್ ಹಿಡಿದಿದ್ದೆ.

ನಾಗಪುರದ ಎಲ್ಲ ತಿನಿಸಿನ ಫೋಟೋ ತೆಗೆದವಳು ಒಂದನ್ನು ಮಾತ್ರ ತೆಗೆದಿರಲಿಲ್ಲ. ತನ್ನ ತಾಯಿ ಮಾಡುವ ಮಂಡಿಗೆ. ಹನ್ನೊಂದು ವರ್ಷದಿಂದ ಕೃಷ್ಣವೇಣಿ ಮಂಡಿಗೆ ಮಾಡಿರಲೇ ಇಲ್ಲ.

ವೇಣಿ ಧಾರವಾಡದ ಹೆಣ್ಣು. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ರಾಗಿಣಿಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡ. ಆಮೇಲೆ ಆ ಮನೆಯನ್ನು ನಡೆಸಿದ್ದು ವೇಣಿಯ ಎರಡು ಕೈ. ಕಾಮ್ಟಿಯ ಸೈನ್ಯದವರು, ವಾಯುಸೇನೆಯವರು, ಬ್ಯಾಂಕಿನವರು, ಮೇಷ್ಟ್ರುಗಳು ಎಂದು ಊರ ತುಂಬ ಚದುರಿದ ನಮ್ಮ ಕನ್ನಡ ಮನೆಗಳಲ್ಲಿ ಶ್ರಾದ್ಧ ಬಂದರೆ ಮಡಿಯಲ್ಲಿ ಅಡುಗೆ ಮಾಡಲು ಬರುತ್ತಿದ್ದವಳು ಅವಳೊಬ್ಬಳೇ. ಮದುವೆ ಬಂದರೆ ಮಂಡಿಗೆಗೂ ಅವಳೇ. ಕಣಕವನ್ನು ಎರಡು ಕೈಗಳ ಮೇಲೆ ತೂಗಿ ತೂಗಿ ಧೋತರದಷ್ಟು ತೆಳ್ಳಗೆ ಮಾಡಿ, ಬೋರಲು ಹಾಕಿದ ಕಡಾಯಿಯ ಮೇಲೆ ಬೀಸಿ ಹಾಕುತ್ತಿದ್ದಳು. ಒಳಗೆ ಸಕ್ಕರೆ ಪುಡಿ, ಏಲಕ್ಕಿ, ತುಪ್ಪ. ಮಡಚಿ ಇಟ್ಟರೆ ಹಿಂದಿನ ದೀಪ ಕಾಣಬೇಕು, ಅಷ್ಟು ತೆಳು.

ಈ ಮಂಡಿಗೆಯ ಸಲುವಾಗಿಯೇ ಅಭಿಜಿತ್ ಅವಳ ಬೆನ್ನು ಹತ್ತಿದ. ಅಭಿಜಿತ್ ನಮ್ಮವರ ಹುಡುಗನೇ, ನಾಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಓದಲು ಬಾರದು, ಮಾತನಾಡಿದರೆ ಅರ್ಧ ಮರಾಠಿ. ಮದುವೆ ಅಡುಗೆಯ ಗುತ್ತಿಗೆ ಹಿಡಿದು, ‘ಅಜ್ಜಿಯ ಕೈರುಚಿ’ ಎಂದು ಬೋರ್ಡು ಹಾಕಿದ್ದ. ಅವನ ಅಜ್ಜಿಗೆ ಸಾರು ಕುದಿಸಲೂ ಬರುತ್ತಿರಲಿಲ್ಲ, ನಾನು ಉಂಡಿದ್ದೇನೆ. ಕೈಯೂ ವೇಣಿಯದು, ರುಚಿಯೂ ವೇಣಿಯದು. ಅಜ್ಜಿಯದೆಂದರೆ ಬೋರ್ಡಿನ ಮೇಲಿನ ಚಿತ್ರ ಮಾತ್ರ.

ಹನ್ನೊಂದು ವರ್ಷದ ಹಿಂದೆ ಕಾಮ್ಟಿಯಲ್ಲಿ ಒಬ್ಬ ಸೈನ್ಯದ ಅಧಿಕಾರಿಯ ಮಗಳ ಮದುವೆ. ಬೆಳಗಿನ ಜಾವದಿಂದ ವೇಣಿ ಮಂಡಿಗೆ ಹಾಕುತ್ತಿದ್ದಳು, ರಾಗಿಣಿ ಮಡಚಿ ಮಡಚಿ ಇಡುತ್ತಿದ್ದಳು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಗಂಡಿನ ಕಡೆಯ ಒಬ್ಬ ಮುದುಕಿ ಅಡುಗೆಮನೆಗೆ ಇಣುಕಿ, “ಇಕಿ ನಮ್ಮ ಭಾವನ ಶ್ರಾದ್ಧಕ್ಕ ಬಂದಿದ್ಲಲ್ಲ? ಶ್ರಾದ್ಧದಾಕಿನ ಮದುವಿಗೆ ಕರೆಸ್ಯಾರಲ್ಲ,” ಎಂದು ರಾಗ ತೆಗೆದಳು. ಮುದುಕಿಯರು ಗೊಣಗುವುದು ಹೊಸದಲ್ಲ. ಗುತ್ತಿಗೆದಾರ ಒಂದು ಮಾತು ಹೇಳಿ ಮುಚ್ಚಿಹಾಕಬೇಕಿತ್ತು. ಈ ಅಭಿಜಿತ್ ಏನು ಮಾಡಿದ? ಪಂಕ್ತಿಯಲ್ಲಿ ಕೂತ ಇನ್ನೂರು ಜನರಿಗೆ ಕೇಳುವ ಹಾಗೆ, ವೇಣಿಯತ್ತ ಕೈ ತೋರಿಸಿ, “ನನಗ ಗೊತ್ತs ಇರಲಿಲ್ರಿ. ಕಾಕು, ನೀವು ಹೊರಗ ಹೋಗ್ರಿ. ಶ್ರಾದ್ಧದ ಕೈ ಮದುವಿಗೆ ಬ್ಯಾಡ,” ಎಂದ.

ಗೊತ್ತಿರಲಿಲ್ಲವಂತೆ. ಅದಕ್ಕೆ ಹಿಂದಿನ ತಿಂಗಳು ಅವನ ಅಜ್ಜಿಯ ವರ್ಷಾಬ್ದಿಕಕ್ಕೆ ಅಡುಗೆ ಮಾಡಿದವಳು ಇದೇ ವೇಣಿ. ಉಂಡು ತೇಗಿ ಎದ್ದವನು ಅವನೇ.

ವೇಣಿ ಕೈಯಲ್ಲಿದ್ದ ಕಣಕವನ್ನು ಪರಾತದಲ್ಲಿ ಇಟ್ಟು, ಒಲೆಯ ಮುಂದಿನಿಂದ ಎದ್ದು, ತನ್ನ ಕಡಾಯಿಯನ್ನು ಅರಿವೆಯಲ್ಲಿ ಹಿಡಿದು ಹೊರಗೆ ಬಂದಳು. ರಾಗಿಣಿಯ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದಾಗ ಅವಳ ಮೊಣಕೈವರೆಗೆ ಹಿಟ್ಟು ಒಣಗಿತ್ತು. ಹೊರಗೆ ಹಾಕಿದ್ದು ಅವಳನ್ನು ಮಾತ್ರ. ಅವಳು ಮಾಡಿಟ್ಟ ಮಂಡಿಗೆ ಒಳಗೇ ಉಳಿಯಿತು, ಪಂಕ್ತಿಗೆ ಬಂತು, ಆ ಮುದುಕಿ ಎರಡು ಹಾಕಿಸಿಕೊಂಡಳು.

ಆಮೇಲೆ ಯಾರೂ ಅವಳನ್ನು ಶುಭಕಾರ್ಯಕ್ಕೆ ಕರೆಯಲಿಲ್ಲ. ‘ಶ್ರಾದ್ಧದ ವೇಣಿ’ ಎಂಬ ಹೆಸರು ಆಚೆಯ ಕನ್ಹಾನ್ ಊರಿನವರೆಗೂ ಹೋಯಿತು. ಅವಳೂ ಹಟದ ಹೆಣ್ಣು, ಶ್ರಾದ್ಧದ ಅಡುಗೆಯನ್ನೂ ಬಿಟ್ಟಳು. ಶಾಲೆಯ ಮಕ್ಕಳಿಗೆ ಮರಾಠಿ ಪಾಠ ಹೇಳಿಕೊಟ್ಟು ದಿನ ತೆಗೆದಳು. ಕಡಾಯಿ ಅಟ್ಟ ಸೇರಿತು. ಆ ಸಂಜೆ ಇಪ್ಪತ್ತೆರಡು ವರ್ಷದ ರಾಗಿಣಿ ನನ್ನ ಅಡುಗೆಮನೆಯಲ್ಲಿ ನಿಂತು, “ಅವನ ಹೊಟ್ಟಿ ಮ್ಯಾಲೆ ಹೊಡೀತೀನಿ ಮೌಶಿ. ಎಷ್ಟ ವರ್ಷ ಆಗಲಿ,” ಎಂದಿದ್ದಳು. ನಾನು ಬೇಡ ಎನ್ನಲಿಲ್ಲ.

ಹೊಡೆದವನು ಮರೆಯುತ್ತಾನೆ, ಹೊಡೆಸಿಕೊಂಡವರು ಮರೆಯುವುದಿಲ್ಲ. ಈ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅಭಿಜಿತ್ ತಾನಾಗಿಯೇ ರಾಗಿಣಿಗೆ ಫೋನು ಮಾಡಿದ. ಕಾರ್ತೀಕದ ಮದುವೆಗಳಿಗೆ ಮೊದಲೇ ದೊಡ್ಡ ಬ್ಯಾನರು ಹಾಕಬೇಕು, ಫೋಟೋ ಬೇಕು.

“ಅಸ್ಸಲ್ ಕರ್ನಾಟಕದ ಊಟ ಪಾಹಿಜೆ, ಬೇಕs ಬೇಕು ರಾಗಿಣಿ. ಬಾಳಿ ಎಲಿ ಮ್ಯಾಲೆ, ಎಕದಮ್ ಕಡಕ್. ಬ್ಯಾರೆಯವ್ರಿಗೆ ಯಾಕ ಕೊಡೂದು, ನಮ್ಮ ಕನ್ನಡ ಹುಡುಗಿಗೇ ಕೆಲಸ ಸಿಗಲಿ ಅಂತ,” ಎಂದ. ಉಪಕಾರ ಮಾಡುವವನ ದನಿ.

ರಾಗಿಣಿ ಹೂಂ ಎಂದಳು. ಫೋನು ಇಟ್ಟು ನನ್ನ ಕಡೆ ನೋಡಿದಳು. ತಾಯಿಗೆ ಹೇಳಬೇಡ ಎಂದು ಕಣ್ಣಲ್ಲೇ ಹೇಳಿದಳು.

ಕನ್ಹಾನ್ ರಸ್ತೆಯಲ್ಲಿ ಅವನದೊಂದು ದೊಡ್ಡ ಅಡುಗೆ ಶೆಡ್ಡು. ಅಡುಗೆಯವರು ಎಲ್ಲೆಲ್ಲಿಂದಲೋ ಬಂದವರು, ಬಾಳೆ ಎಲೆಯನ್ನು ದೇವರ ಪೂಜೆಯಲ್ಲಿ ಮಾತ್ರ ನೋಡಿದವರು. ಎಲೆಯನ್ನು ರಾಗಿಣಿಯೇ ತೊಳೆದು ಒರೆಸಿ ಮೇಜಿನ ಮೇಲೆ ಹಾಸಿದಳು, ಸರಿಯಾಗಿಯೇ ಬಡಿಸಿದಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಐದನೆಯ ವಯಸ್ಸಿಗೇ ಕಲಿಸುವ ಪಾಠ ಅದು. ಎಲೆಯ ಚೂಪು ತುದಿ ಉಣ್ಣುವವನ ಎಡಕ್ಕೆ ಬರಬೇಕು. ಮೇಲೆ ಎಡಮೂಲೆಯಲ್ಲಿ ಉಪ್ಪು, ಆಮೇಲೆ ಚಟ್ನಿ, ಕೋಸಂಬರಿ, ಪಲ್ಯ. ಅನ್ನ ಕೆಳಗೆ, ಉಣ್ಣುವವನ ಕೈಗೆ ಹತ್ತಿರ. ತುದಿ ಬಲಕ್ಕೆ ಬಂದರೆ ಅದು ಶ್ರಾದ್ಧದ ಎಲೆ, ಸತ್ತವರಿಗೆ ಹಾಕಿದ್ದು. ಬದುಕಿದ್ದವನ ಮುಂದೆ ತಪ್ಪಿಯೂ ಹಾಕಬಾರದು. ಹಾಕಿದರೆ ನನ್ನಜ್ಜಿ ಕೈಗೆ ಬರೆ ಎಳೆಯುತ್ತಿದ್ದಳು.

ಬಡಿಸಿದ ಮೇಲೆ ರಾಗಿಣಿ ಎಂದಿನಂತೆ ಪ್ರದಕ್ಷಿಣೆ ಹಾಕಿದಳು. ಉಣ್ಣುವವನ ಜಾಗದಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ನಿಧಾನಕ್ಕೆ ನಡೆದು ಎದುರು ಬದಿಗೆ ಹೋದಳು. ಸ್ಟೂಲು ಅಲ್ಲಿ ಹಾಕಿದಳು. ನೀರಿನ ತಂಬಿಗೆಯನ್ನು ಎತ್ತಿ ತನ್ನ ಬದಿಗೆ ಇಟ್ಟಳು. ಈಗ ಉಣ್ಣುವವನು ಕೂರುವ ಜಾಗ ಅದೇ ಎಂದಾಯಿತು. ಅಲ್ಲಿಂದ ನೋಡಿದರೆ ತುದಿ ಬಲಕ್ಕೆ, ಉಪ್ಪು ಬಲಗೈ ಹತ್ತಿರ, ಅನ್ನ ಅತ್ತ ಕಡೆ. ನನಗೆ ತಿಳಿಯಿತು. ಥರ್ಮಕೋಲ್ ಎತ್ತಿಕೊಂಡು ನಾನೂ ಅವಳ ಬದಿಗೆ ಹೋದೆ.

“ಆ ಕಡೆ ಯಾಕ ಹೋದಿ?” ಎಂದು ಅಭಿಜಿತ್ ಕೇಳಿದ.

“ಕಿಡಕಿ ನಿಮ್ಮ ಕಡೆ ಅದಲ್ರಿ. ಬೆಳಕು ಹಿಂದಿಂದ ಬಂದ್ರ ತುಪ್ಪ ಹೊಳೀತದ. ಅನ್ನದ ಗುಡ್ಡಿ ಹಿಂದ ಇದ್ರ ಎಲಿ ತುಂಬಿದಂಗ ಕಾಣ್ತದ,” ಎಂದಳು ರಾಗಿಣಿ.

ಅದು ಸುಳ್ಳಲ್ಲ. ಅವಳ ಕಸುಬಿನ ಲೆಕ್ಕದಲ್ಲಿ ಆ ಕೋನವೇ ಸರಿ. ಮುಂದೆ ಸಣ್ಣ ಸಣ್ಣ ಬಣ್ಣ, ಹಿಂದೆ ಹಬೆಯಾಡುವ ಬೆಳ್ಳನೆಯ ಅನ್ನ, ಅದರ ನೆತ್ತಿಯಿಂದ ಇಳಿಯುವ ತುಪ್ಪ. ಪರದೆಯ ಮೇಲೆ ನೋಡಿ ನನಗೇ ಬಾಯಲ್ಲಿ ನೀರು ಬಂತು, ಮರುಗಳಿಗೆ ಅದು ಎಂಥ ಎಲೆ ಎಂದು ನೆನಪಾಯಿತು. ಅಭಿಜಿತ್ ಮಾತ್ರ ಹಿಗ್ಗಿ ಹೀರೇಕಾಯಿಯಾದ.

“ಲಯ್ ಭಾರಿ, ಭಾಳ ಛಲೋ. ಬರೋಬರ್ ಅದಲ್ಲ ಮೌಶಿ?” ಎಂದು ನನ್ನನ್ನೂ ಕೇಳಿದ.

“ನಿನಗ ಬರೋಬರ್ ಕಾಣಿಸಿದ್ರ ಬರೋಬರ್ ಅದಪಾ,” ಎಂದೆ.

ನಮ್ಮ ಎಲೆಯ ಹೆಸರಲ್ಲಿ ಹೊಟ್ಟೆ ಹೊರೆಯುವವನು ಒಂದು ಸಲ, ಒಂದೇ ಸಲ, ತನ್ನ ತಾಯಿಗಾದರೂ ಆ ಫೋಟೋ ತೋರಿಸಿ ಕೇಳಿದ್ದರೆ ಬದುಕುತ್ತಿದ್ದ. ಕೇಳಲಿಲ್ಲ. ಸ್ಟೀಲ್ ತಟ್ಟೆಯಲ್ಲಿ ಉಂಡು ಬೆಳೆದವನಿಗೆ ಕೇಳಬೇಕು ಎಂದೂ ಗೊತ್ತಿರಲಿಲ್ಲ.

ಗಣಪತಿ ಕಳಿಸಿದ ಮರುದಿನ ಮಹಾಲಿನ ಚೌಕದಲ್ಲಿ, ಕಾಮ್ಟಿ ರಸ್ತೆಯಲ್ಲಿ, ಮತ್ತೆರಡು ಕಡೆ ಆಳೆತ್ತರದ ಬ್ಯಾನರು ಎದ್ದವು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಅವನೇ ಕಳಿಸಿದ. ಅದರ ಮರುದಿನದಿಂದಲೇ ಪಿತೃಪಕ್ಷ. ಪಕ್ಷದ ಹದಿನೈದು ದಿನ ನಮ್ಮ ಮಂದಿಗೆ ಶ್ರಾದ್ಧದ ಅಡುಗೆಯವರು ಸಿಗದೆ ತಲೆ ಕೆಟ್ಟಿರುತ್ತದೆ. ಅಂಥ ಹೊತ್ತಿನಲ್ಲಿ ಚೌಕದಲ್ಲಿ ತುದಿ ಬಲಕ್ಕಿರುವ ಎಲೆ ಕಂಡರೆ ಏನು ತಿಳಿಯುತ್ತಾರೆ? ಈ ಹುಡುಗ ಶ್ರಾದ್ಧದ ಊಟ ಶುರು ಮಾಡಿದ ಎಂದೇ ತಿಳಿದರು.

ಅವನ ಫೋನು ಒಂದೇ ಸಮ ಬಡಿದುಕೊಂಡಿತು. ನಮ್ಮ ಮಾವನವರ ಪಕ್ಷ ದ್ವಾದಶಿಗೆ, ನಮ್ಮ ತಾಯಿಯದು ನವಮಿಗೆ ಎಂದು ಅಡುಗೆ ಕೇಳುವವರೇ ಎಲ್ಲ. ಇತ್ತ ಮದುವೆ ಗೊತ್ತು ಮಾಡಿದ್ದವರು ಒಬ್ಬೊಬ್ಬರಾಗಿ, “ಈ ಸಲ ಬ್ಯಾಡ್ರಿ, ಮುಂದ ನೋಡೂಣು,” ಎಂದು ಜಾರಿಕೊಂಡರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಶುಭದ ಮಾತನ್ನು ಯಾರು ಎದುರಿಗೆ ಆಡುತ್ತಾರೆ? ಆ ಕಾಮ್ಟಿಯ ಮದುವೆಯ ನಂತರ ವೇಣಿಗೂ ಯಾರೂ ಕಾರಣ ಹೇಳಿರಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ದಿನಾ ಚಹಾ ಕುಡಿಯುತ್ತ ಅಂದುಕೊಂಡೆ, ಚಹಾ ಹೆಚ್ಚು ರುಚಿಸಿತು.

ವೇಣಿಗೆ ಯಾರೂ ಹೇಳಬೇಕಾಗಲಿಲ್ಲ. ತರಕಾರಿಗೆಂದು ನನ್ನ ಜೊತೆ ಚೌಕಕ್ಕೆ ಬಂದವಳು ಬ್ಯಾನರಿನ ಕೆಳಗೆ ನಿಂತುಬಿಟ್ಟಳು. ಬಹಳ ಹೊತ್ತು ತಲೆ ಎತ್ತಿ ನೋಡಿದಳು. ಮನೆಗೆ ಬಂದು ಚೀಲ ಇಳಿಸಿ ಮಗಳನ್ನು ಕರೆದಳು.

“ಆ ಎಲಿ ನೀ ಹಾಕಿದ್ದೇನು?”

“ಹೂಂ.”

“ಶ್ರಾದ್ಧದ ಎಲಿ ಸುಮ್ಮನ ಹಾಕೂದಲ್ಲ. ಒಬ್ಬರ ಹೆಸರಲೆ ಹಾಕಬೇಕು. ಯಾರ ಹೆಸರಲೆ ಹಾಕಿದಿ?”

“ಅವನ ಹೆಸರಲೆ,” ಎಂದಳು ರಾಗಿಣಿ. “ನಿನ್ನ ಕೈಗೆ ಶ್ರಾದ್ಧದ ಕೈ ಅಂದನಲ್ಲ ಅವ್ವಾ. ಅವನ ಬೋರ್ಡಿನ ಮ್ಯಾಲೆ ಅದನ್ನ ಹಾಕಿದೆ.”

ವೇಣಿ ಬೈಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಬೆಂಡೆಕಾಯಿ ತೊಳೆದು ಹೆಚ್ಚಲು ಕೂತಳು. ರಾಗಿಣಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಕಾದು ಮಾಡಿದ್ದು ತಾಯಿಗೆ ಬೇಕಾಗಿತ್ತೋ ಇಲ್ಲವೋ ಎಂಬುದೇ ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ಪಕ್ಷ ಮುಗಿದ ವಾರ, ಒಂದು ಶನಿವಾರ ಮಧ್ಯಾಹ್ನ, ಅಭಿಜಿತ್ ಬಂದ. ಮುಖ ಬಾಡಿದ ಬದನೆಕಾಯಿ. ನಾನು ವೇಣಿಯ ಮನೆಯಲ್ಲೇ ಇದ್ದೆ. ಇಲ್ಲದಿದ್ದರೂ ಗೋಡೆ ಹಾರಿ ಬರುತ್ತಿದ್ದೆ.

“ಕಾಕು, ಏನಾಗ್ಯದೋ ತಿಳೀವಲ್ದು. ಎಲ್ಲಾರೂ ಶ್ರಾದ್ಧದ ಊಟ ಕೇಳ್ತಾರ, ಮದುವಿ ಒಂದೂ ನಿಲ್ಲವಲ್ದು. ಒಂದs ಉಳದದ, ವಾಯುಸೇನಾದವರ ಮನೀದು. ಅವರೂ ಮಂಡಿಗಿ ಇದ್ರ ಮಾತ್ರ ಅಂತಾರ. ನೀವು ಬಂದು ನಿಂತ್ರ ಎಲ್ಲಾ ಠೀಕ್ ಆಗ್ತದ,” ಎಂದ.

“ಉಣ್ಣೋ ಹೊತ್ತಿಗೆ ಬಂದಿ. ಮೊದಲ ಉಣ್ಣು,” ಎಂದಳು ವೇಣಿ.

ಮಣೆ ಹಾಕಿದಳು. ಒಳಗಿನಿಂದ ಬಾಳೆ ಎಲೆ ತಂದು ನೀರು ಚಿಮುಕಿಸಿ ಅವನ ಮುಂದೆ ಹಾಸಿದಳು. ತುದಿ ಬಲಕ್ಕೆ. ಅಡುಗೆಮನೆಯ ಬಾಗಿಲಲ್ಲಿ ರಾಗಿಣಿ ಚೌಕಟ್ಟು ಹಿಡಿದು ನಿಂತಿದ್ದಳು. ವೇಣಿ ಉಪ್ಪಿನ ಬಟ್ಟಲು ಕೈಯಲ್ಲಿ ಹಿಡಿದು, ಬಡಿಸದೆ ಕೇಳಿದಳು.

“ಎಲಿ ಬರೋಬರ್ ಅದ ಏನು ನೋಡಪಾ.”

ಅವನು ನೋಡಿದ. “ಎಕದಮ್ ಬರೋಬರ್ ಕಾಕು. ನಮ್ಮ ಬ್ಯಾನರಿನೊಳಗ ಇದ್ದಂಗ ಅದ.”

ವೇಣಿ ಬಗ್ಗಿ, ಎರಡು ಕೈಯಿಂದ ಎಲೆ ಹಿಡಿದು, ಪೂರಾ ತಿರುಗಿಸಿ ಇಟ್ಟಳು.

“ಈಗ ಬರೋಬರ್ ಆತು. ತುದಿ ಬಲಕ್ಕ ಬಂದ್ರ ಅದು ಸತ್ತವರ ಎಲಿ. ನಿನ್ನ ಬ್ಯಾನರಿನೊಳಗ ಇರೋದು ಅದು,” ಎಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ತುಂಬ ನೋಡಿದೆ. ಅವನು ರಾಗಿಣಿಯ ಕಡೆ ತಿರುಗಿದ.

“ಬೇಕಂತ ತೆಗೆದ್ಯಾ?”

“ಬೇಕಂತನ ತೆಗೆದೆ. ಹನ್ನೊಂದು ವರ್ಷ ಕಾದು ತೆಗೆದೆ,” ಎಂದಳು ಅವಳು.

ಅವನು ಅರ್ಧ ಎದ್ದ.

“ಕೂಡು,” ಎಂದಳು ವೇಣಿ. ದನಿ ಏರಲಿಲ್ಲ. “ಎಲಿ ಮುಂದಿಂದ ಏಳಬಾರದು. ಒಲಿ ಮುಂದಿಂದ ನನ್ನ ಎಬ್ಬಿಸಿದಾವ ನೀನು. ನಾ ಯಾರನ್ನೂ ಎಬ್ಬಿಸೂದಿಲ್ಲ.”

ಅವನು ಕೂತ. ಅವಳು ಉಪ್ಪು ಬಡಿಸಿದಳು, ಪಲ್ಯ ಬಡಿಸಿದಳು, ಅನ್ನ, ತೊವ್ವೆ, ತುಪ್ಪ, ಎಲ್ಲವನ್ನೂ ಅದರದರ ಜಾಗದಲ್ಲಿ. ಬಡಿಸುತ್ತಲೇ ಹೇಳಿದಳು.

“ಎಲಿ ಯಾವ ಕಡೆ ಹಾಕಬೇಕಂತ ಗೊತ್ತಿಲ್ಲ ನಿನಗ. ಯಾರ ಕೈ ಯಾವ ಪಂಕ್ತಿಗೆ ಅಂತ ನನಗ ಹೇಳಿದಿ.”

ಅವನು ತಲೆ ತಗ್ಗಿಸಿ ತುತ್ತು ನುಂಗಿದ. ನೀರು ಕುಡಿದ. ಮತ್ತೆ ನುಂಗಿದ. ಕೊನೆಗೆ ಎಲೆ ನೋಡುತ್ತಲೇ, “ತಪ್ಪಾತು ಕಾಕು. ಬ್ಯಾನರ್ ಇವತ್ತs ತಗಸ್ತೀನಿ. ಆ ಒಂದು ಮದುವಿಗೆ ಮಂಡಿಗಿ ಮಾಡಿಕೊಡ್ರಿ,” ಎಂದ.

ವೇಣಿ ಅವನ ಅನ್ನಕ್ಕೆ ಮಜ್ಜಿಗೆ ಹಾಕಿದಳು.

“ಶ್ರಾದ್ಧದ ಕೈ ಮದುವಿಗೆ ಬ್ಯಾಡ ಅಂದಿದ್ದಿ. ನಿನ್ನ ಮಾತು ನಾ ಮೀರೂದಿಲ್ಲ. ನಿನ್ನ ಶ್ರಾದ್ಧಕ್ಕ ಹೇಳಿ ಕಳಸು, ಬರ್ತೀನಿ.”

ಮಜ್ಜಿಗೆ ಅನ್ನ ಎಲೆಯಲ್ಲೇ ಉಳಿಯಿತು. ಅವನು ಕೈ ತೊಳೆದು, ಯಾರ ಮುಖವನ್ನೂ ನೋಡದೆ, ಚಪ್ಪಲಿ ಮೆಟ್ಟಿಕೊಂಡು ಹೋದ. ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಆ ವಾಯುಸೇನೆಯ ಮನೆಯವರು ಅವನನ್ನು ಬಿಟ್ಟು ನನ್ನ ಮೂಲಕವೇ ವೇಣಿಯನ್ನು ಕೇಳಿದರು. ತನ್ನದು ಶ್ರಾದ್ಧದ ಕೈ ಎಂದು ವೇಣಿ ಮೊದಲೇ ಹೇಳಿ ಕಳಿಸಿದಳು. ಮದುಮಗಳ ತಾಯಿ ಫೋನಿನಲ್ಲಿ, “ಶ್ರಾದ್ಧ ಮಾಡಿದ ಕೈ ಅಂತ ಅವರs ಹೇಳಿ ಕಳಿಸ್ಯಾರ. ನಮಗ ಅದರ ಅಡ್ಡಿ ಇಲ್ರಿ, ನಮ್ಮ ಹಿರಿಯರನ್ನ ಉಣಿಸಿದ ಕೈ ಅದು,” ಎಂದಳು. ಅದನ್ನು ಕೇಳಿದ್ದೇ ವೇಣಿ ಮಗಳಿಗೆ ಏಣಿ ತಾ ಎಂದಳು. ಅಟ್ಟದಿಂದ ಕಡಾಯಿ ಇಳಿಯಿತು. ಅದರ ತುಕ್ಕು ತಿಕ್ಕಲು ರಾಗಿಣಿಗೆ ಒಂದು ಮುಂಜಾನೆ ಹಿಡಿಯಿತು.

ಮನೆಯಲ್ಲಿ ಹಾಕಿ ನೋಡಿದ ಮೊದಲ ಮಂಡಿಗೆ ಹರಿಯಿತು, ಎರಡನೆಯದೂ ಹರಿಯಿತು. ಮೂರನೆಯದು ಕಡಾಯಿಯ ಮೇಲೆ ಸೀರೆಯ ಸೆರಗಿನಂತೆ ಬಂದು ಕೂತಿತು. ರಾಗಿಣಿ ಅದನ್ನು ಮಡಚಿ ಕಿಟಕಿಯ ಎದುರು ಮಣೆಯ ಮೇಲೆ ಇಟ್ಟು, ಪ್ರದಕ್ಷಿಣೆ ಹಾಕದೆ, ನೇರವಾಗಿ ಉಣ್ಣುವವರ ಜಾಗಕ್ಕೆ ಹೋಗಿ ನೆಲದ ಮೇಲೆ ಬೋರಲು ಮಲಗಿದಳು. ಪದರಗಳ ಒಳಗಿನಿಂದ ಬೆಳಕು ಬರುತ್ತಿತ್ತು. ಕ್ಯಾಮೆರಾದ ಹಿಂದೆ ಅವಳು ಅಳುತ್ತಿದ್ದಳು, ಒಪ್ಪಿಕೊಳ್ಳಲಿಲ್ಲ.

ನಾನು ಥರ್ಮಕೋಲ್ ಹಿಡಿದು ನಿಂತಲ್ಲಿಂದಲೇ ಹೇಳಿದೆ: “ನಾನಾಗಿದ್ರ ಅವತ್ತು ಎಲಿ ತಿರುಗಸ್ತಿರಲಿಲ್ಲ ವೇಣಿ. ಹಂಗs ಬಡಸ್ತಿದ್ದೆ. ಉಂಡು ಹೋಗಲಿ ಅಂತಿದ್ದೆ.”

ವೇಣಿ ಮುಂದಿನ ಉಂಡೆ ಕೈಗೆ ತೆಗೆದುಕೊಂಡು ತೂಗತೊಡಗಿದಳು.

“ತಿರುಗಿಸದಿದ್ರ ಅವಗ ಗೊತ್ತs ಆಗ್ತಿರಲಿಲ್ಲ,” ಎಂದಳು. “ಥರ್ಮಕೋಲ್ ನೆಟ್ಟಗ ಹಿಡಿ.”